ನಾಡಿ ಹಿಡಿದು ಹಾಡಿಸಿದ ನರ್ಸಕ್ಕ

ನರ್ಸಕ್ಕನ ಬಲಗೈಯ ಎರಡು ಬೆರಳು ಸದಾ ತುಸು ಮಡಚಿಕೊಂಡೇ ಇರುತ್ತಿದ್ದವು. ಕೊಟ್ಟೂರಿನ ಆಸ್ಪತ್ರೆಯಲ್ಲಿ ಜೀವಮಾನವೆಲ್ಲ ಜನರ ನಾಡಿ ಹಿಡಿದ ಬೆರಳುಗಳು ಅವು. ನಿವೃತ್ತಿಯಾದ ಮೇಲೂ ಸುಮ್ಮನಿರಲಿಲ್ಲ. ಎದುರಿಗೆ ಕೂತವರ ಮಣಿಕಟ್ಟು ಮಾತಿನ ನಡುವೆಯೇ ಅವರ ಕೈಗೆ ಸಿಕ್ಕಿಬಿಡುತ್ತಿತ್ತು. "ಏನ್ರಿ ಮೇಷ್ಟ್ರ, ಸುಳ್ಳು ಹೇಳಾಕ ಹತ್ತೀರೇನು? ನಾಡಿ ಓಡಾಕ ಹತ್ತೈತಿ" ಎಂದು ನನ್ನನ್ನು ಎಷ್ಟೋ ಸಲ ಕಾಡಿಸಿದ್ದಾರೆ.

ಹೊಸಹಳ್ಳಿ ಕಡೆಯ ತಮ್ಮೂರಿನ ಕೇರಿಯಲ್ಲಿ ಓದಿ ನೌಕರಿ ಹಿಡಿದವರನ್ನೆಲ್ಲ ಕೂಡಿಸಿ ಅವರೊಂದು ಟ್ರಸ್ಟು ಕಟ್ಟಿದ್ದರು. ಅದಕ್ಕಿದ್ದ ಕೆಲಸ ಒಂದೇ. ವರ್ಷಕ್ಕೊಮ್ಮೆ, ಬದುಕಿರುವ ಯಾರಾದರೊಬ್ಬ ಸಂಗೀತಗಾರರಿಂದ ಹತ್ತಾರು ಜನ ಕೂಡಿ ಹಾಡುವಂಥ ಹೊಸ ಹಾಡು ಕಟ್ಟಿಸುವುದು, ಅವರನ್ನೇ ಕರೆಸಿ, ಉಣ್ಣಲಿಕ್ಕಿ, ಟ್ರಸ್ಟಿನ ಮೇಳಕ್ಕೆ ಹೇಳಿಕೊಡಿಸುವುದು. "ಹಳೀ ಹಾಡು ಬ್ಯಾಡ ಅನ್ನಂಗಿಲ್ರಿ. ಆದ್ರ ಅವನ್ನ ಕಟ್ಟುವಾಗ ನಮ್ಮನ್ಯಾರು ಕೇಳಿದ್ರು?" ಎನ್ನುತ್ತಿದ್ದರು. ಹರಪನಹಳ್ಳಿಯಲ್ಲಿ ಮಕ್ಕಳಿಗೆ ಸಂಗೀತ ಕಲಿಸಿಕೊಂಡಿದ್ದ ನನ್ನ ಸರದಿ ಹಾಗೆ ಬಂತು.

ಮೊದಲ ದಿನ ಹಾರ್ಮೋನಿಯಂ ಹೊತ್ತುಕೊಂಡು ಠೀವಿಯಿಂದಲೇ ಹೋದೆ. ಒಂದು ಸಾಲು ನುಡಿಸುವಷ್ಟರಲ್ಲಿ ನರ್ಸಕ್ಕ, "ಪೇಟಿ ಮುಚ್ರಿ. ಅದಕ್ಕ ನಾಡಿ ಇಲ್ಲ" ಎಂದರು. ಅವರ ಮೇಳದಲ್ಲಿ ತಾಳವಿಲ್ಲ, ತಮಟೆಯಿಲ್ಲ. ಎಲ್ಲರೂ ಸಾಲಾಗಿ ನಿಂತು ಪಕ್ಕದವರ ಮಣಿಕಟ್ಟು ಹಿಡಿಯಬೇಕು. ಲಯ ಬೆರಳಿನಿಂದ ಬೆರಳಿಗೆ ಒತ್ತಿಕೊಂಡು ಸಾಲಿನ ತುದಿ ಮುಟ್ಟಬೇಕು. ಹುಚ್ಚಾಟ ಎಂದುಕೊಂಡು ನಿಂತವನಿಗೆ, ಹಾಡು ಮುಗಿಯುವಾಗ ಎಡಬಲದವರ ಉಸಿರೂ ತಿಳಿಯತೊಡಗಿತ್ತು.

ಅವರು ನನ್ನಿಂದ ಕೇಳಿದ್ದು ಸಾವಿನ ಮನೆಯಲ್ಲಿ ಹಾಡುವ ಹಾಡು. ಯಾಕೆಂದು ಕೇಳಿದ್ದಕ್ಕೆ ನನ್ನ ಕೈ ಹಿಡಿಯದೆ, ತಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು. "ನಮ್ಮವ್ವ ಸತ್ತಾಗ ಊರ ಭಜನಿಯವರು ಬಂದಿದ್ರು. ಕೇರಿ ಬಾಯಿತನ ಬಂದು, ಬೇವಿನ ಗಿಡದ ಕೆಳಗ ನಿಂತು ಹಾಡಿ ಹೊಳ್ಳಿ ಹೋದ್ರು. ಅವ್ವ ಇಲ್ಲಿ, ಹಾಡು ಅಲ್ಲಿ. ಮನಿ ಒಳಗ ಬರಾ ಹಾಡು ಒಂದು ಬೇಕ್ರಿ ನನಗ."

ಎರಡು ಸಾಲಾಗಿ ನಿಲ್ಲುವ ಮೇಳಕ್ಕೆ ಹಾಡು ಕಟ್ಟಿದೆ. ಮೊದಲ ಸಾಲಿನವರು 'ಯಾರು ಬಂದೀರಿ?' ಎಂದು ಕೇಳುತ್ತಾರೆ, ಎರಡನೆಯವರು ಕೆಳದನಿಯಲ್ಲಿ 'ಊರು ಬಂದೀವಿ' ಎನ್ನುತ್ತಾರೆ. ಆ ಕೆಳದನಿಗೆ ಹೇಳಿ ಮಾಡಿಸಿದಂಥ ಗಂಟಲು ಊರೊಳಗೇ ಸಿಕ್ಕಿತು. ಕುರಿ ಸಾಕುವ ಮನೆಯ ಸೊಸೆ, ತಮ್ಮ ದೇವರ ಪದ ಹಾಡಿ ಪಳಗಿದವಳು. ಆಕೆಯ ಹೆರಿಗೆ ಮಾಡಿಸಿದ್ದೇ ನರ್ಸಕ್ಕ. ಕರೆದ ಕೂಡಲೇ ಬಂದಳು, ನನ್ನ ಬಲಕ್ಕೆ ನಿಂತಳು. ಆಕೆಯ ಆಚೆಗೆ ನರ್ಸಕ್ಕ. ಇಬ್ಬರೂ ಆಕೆಯ ಒಂದೊಂದು ಕೈ ಹಿಡಿದೆವು.

ಸುದ್ದಿ ಆಕೆಯ ಮನೆಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಮಾವ ಬಂದು, ಸಿಟ್ಟಿಲ್ಲದ ದನಿಯಲ್ಲೇ, "ಹಾಡಾಕ ನಮ್ದೇನು ತಕರಾರಿಲ್ಲಕ್ಕ. ಕೈ ಹಿಡಿಯಾದು ಬ್ಯಾಡ" ಎಂದ. ಹೆರಿಗೆಯ ದಿನ ನರ್ಸಕ್ಕನ ಅದೇ ಕೈ ಬೇಕಾಗಿತ್ತು! ಟ್ರಸ್ಟಿನವರೊಬ್ಬರು ರಾಜಿಗೆ ನೋಡಿದರು, ಕೈ ಬಿಟ್ಟು ಚಪ್ಪಾಳೆ ಹಾಕೋಣ ಅಂದರು. ನರ್ಸಕ್ಕ ಒಪ್ಪಲಿಲ್ಲ. "ಚಪ್ಪಾಳಿ ದೂರ ನಿಂತೂ ಹೊಡೀಬೌದು. ದೂರ ನಿಂತು ಹಾಡಾವ್ರು ನಮಗ ಮೊದಲೂ ಇದ್ರು."

ಸೊಸೆ ಬರುವುದು ನಿಂತಿತು. ಬಿಪಿ ನೋಡುವ ನೆಪದಲ್ಲಿ ನರ್ಸಕ್ಕ ಆ ಮನೆಗೆ ಹೋಗಿ, ಅಂಗಳದಲ್ಲೇ ನಿಂತು ಮಾತಾಡಿ ಬಂದರು. ಏನಾಯಿತೆಂದು ಹೇಳಲಿಲ್ಲ. ಆದರೆ ತಾಲೀಮಿನಲ್ಲಿ ನನ್ನ ಬಲಗಡೆಯ ಜಾಗಕ್ಕೆ ಯಾರನ್ನೂ ಬಿಡಲಿಲ್ಲ. "ಆಕಿ ಬರ್ತಾಳ. ಜಾಗ ಇರ್ಲಿ" ಎನ್ನುತ್ತಿದ್ದರು. ನನಗೆ ನಂಬಿಕೆಯಿರಲಿಲ್ಲ. ಅವರ ಹಟ ನೋಡಿ ಸಂಕಟವಾಗುತ್ತಿತ್ತು.

ಆಮೇಲೆ ಅವರ ಎದೆಯೇ ಕೈಕೊಟ್ಟಿತು. ನೋಡಲು ಹೋದಾಗ ಮಂಚದ ಮೇಲೆ ತಮ್ಮದೇ ನಾಡಿ ಹಿಡಿದು ಕೂತಿದ್ದರು. "ತಾಳ ತಪ್ಪೈತಿ ಮೇಷ್ಟ್ರ. ನಿಮ್ಮ ಹಾಡು ಮೊದಲು ನನಗ ಬರಂಗ ಕಾಣ್ತೈತಿ," ಎಂದು ನಕ್ಕರು. ಆಮೇಲೆ ನನ್ನ ಕೈ ಎಳೆದುಕೊಂಡು ಕೇಳಿದರು. "ಆಕಿ ಒಳಗ ಬರ್ತಾಳಂತೀರಿ?" ಬರುತ್ತಾಳೆ ಅಂದೆ. ನನ್ನ ಮಣಿಕಟ್ಟು ಅವರ ಕೈಯಲ್ಲಿತ್ತು. ಅವರು ಮೆಲ್ಲಗೆ ಅದನ್ನು ಬಿಟ್ಟರು.

ಅವರು ತೀರಿಹೋದದ್ದು ಒಂದು ಮಧ್ಯಾಹ್ನ. ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ ಕೇರಿಯ ಮನೆಯ ಪಡಸಾಲೆಯಲ್ಲಿ ಮಲಗಿಸಿದ್ದರು. ಕೂಡ್ಲಿಗಿಯಿಂದ, ಕೊಟ್ಟೂರಿನಿಂದ ಬಂದ ಮೇಳದವರು ಕೈ ಕೈ ಹಿಡಿದು ನಿಂತರು. ನನ್ನ ಬಲಕ್ಕೆ ಒಂದಿದ್ದ ಖಾಲಿ ಜಾಗ ಈಗ ಎರಡಾಗಿತ್ತು. ಎಡಗೈಗೆ ಸಿಕ್ಕ ನಾಡಿಯನ್ನೇ ನಂಬಿ ಶುರು ಮಾಡಿದೆ. ಮೊದಲ ಸಾಲು ಕೇಳಿತು, ಯಾರು ಬಂದೀರಿ?

ಎರಡನೆಯ ಸಾಲು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಹೊರಗಿನಿಂದಲೂ ದನಿ ಬಂತು. ಅದೇ ಕೆಳದನಿ, ಒಂದೆಳೆಯೂ ತಪ್ಪಿಲ್ಲ. ಬಾಗಿಲಿನಿಂದ ನೋಡಿದೆ. ಕೇರಿಯ ಬಾಯಲ್ಲಿ, ಬೇವಿನ ಗಿಡದ ಕೆಳಗೆ, ಮಾವನ ಪಕ್ಕ ಸೆರಗು ಹೊದ್ದು ಆಕೆ ನಿಂತಿದ್ದಳು. ಕಣ್ಣೀರು ಸುರಿಯುತ್ತಿತ್ತು. ಹೆಜ್ಜೆ ಮಾತ್ರ ಮುಂದೆ ಬರಲಿಲ್ಲ.

ಹಾಡು ಚೆನ್ನಾಗಿ ಬಂತು ಎಂದು ಎಲ್ಲರೂ ಅಂದರು. ಬಂತು, ಬೇವಿನ ಗಿಡದವರೆಗೆ ಬಂತು. ಅಲ್ಲಿ ನಿಂತೇ ಆಕೆ ಕೊನೆಯ ಸಾಲನ್ನೂ ಹಾಡಿದಳು, ಊರು ಬಂದೀವಿ. ಒಳಗೆ ನನ್ನ ಬಲಗೈ ಖಾಲಿಯೇ ಚಾಚಿಕೊಂಡಿತ್ತು.