ಸುಬೇದಾರರ ಕೈಸನ್ನೆ

ಬೂಟ್ ಪಾಲಿಶ್ ವಾಸನೆ ಬಂದರೆ ಈಗಲೂ ನನಗೆ ಬಾಯಿ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ. ನಗಬೇಡಿ, ಅದಕ್ಕೆ ಕಾರಣವಿದೆ. ಹೋದ ವಾರ ಸುಬೇದಾರ್ ದ್ಯಾವೇಗೌಡರ ಮನೆ ಜಗಲಿ ಹತ್ತಿದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಲಕ್ವ ಹೊಡೆದು ಅವರ ಮಾತು ನಿಂತುಹೋದ ಮೇಲೆ ನಾನು ಅಲ್ಲಿಗೆ ಹೋಗಿದ್ದು ಅದೇ ಮೊದಲು. ಅವರ ಹೆಂಡತಿ ಗೌರಕ್ಕ ಮೆಟ್ಟಿಲ ಮೇಲೆ ಕೂತು ಗಂಡನ ಕಪ್ಪು ಬೂಟಿಗೆ ಬ್ರಷ್ ಹೊಡೆಯುತ್ತಿದ್ದರು.

"ಹಾಕ್ಕಂಡು ಎಲ್ಲಿಗೂ ಹೋಗಲ್ಲ ಕಣಣ್ಣ. ಆದ್ರೆ ಹೊಳಪಿಲ್ದಿದ್ರೆ ಅದನ್ನೇ ನೋಡ್ತಾ ಕೂತ್ಬುಡ್ತಾರೆ. ಹೋಗಿ, ಒಳಗವ್ರೆ."

ನಾನು ಹೋಗಲಿಲ್ಲ. ಸುಬೇದಾರರು ನನ್ನ ಗುರುತು ಹಿಡಿಯದಿದ್ದರೆ ಏನು ಮಾಡುವುದು? ಆ ಹೆದರಿಕೆಗೆ ಬೂಟನ್ನೇ ನೋಡುತ್ತ ನಿಂತುಬಿಟ್ಟೆ.

ವನಗೂರಿನ ಕಡೆಯ ನಮ್ಮ ಮಾಜಿ ಸೈನಿಕರ ಸಂಘಕ್ಕೂ ಈ ಬೂಟಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಪೆನ್ಶನ್ ಮೇಲೆ ಊರಿಗೆ ಬಂದ ಒಂದಷ್ಟು ಜನ, ಪಾಳುಬಿದ್ದ ಒಂದು ಕಾಫಿ ಸ್ಟೋರ್, ಅದರ ಬಾಗಿಲಿಗೊಂದು ಬೋರ್ಡು. ಮೊದಮೊದಲು ಸಂಘದ ಕೆಲಸವೆಂದರೆ ಸಂಜೆ ಅಲ್ಲಿ ಸೇರಿ, ಯಾರು ಹೆಚ್ಚು ಚಳಿ ಕಂಡವರು ಅಂತ ಜಗಳ ಆಡುವುದು. ರಕ್ತದಾನ, ರಸ್ತೆಯ ಗುಂಡಿ ಮುಚ್ಚುವುದು, ಸತ್ತವರ ಮನೆಗೆ ಸೌದೆ ಹೊತ್ತು ಹಾಕುವುದು ಇದೆಲ್ಲ ಆಮೇಲೆ ಬಂತು. ನಾನು ಸೈನಿಕನಲ್ಲ, ತುಂಡು ಕಾಫಿ ತೋಟದವನು. ಅಷ್ಟು ವರ್ಷ ಉತ್ತರದಲ್ಲಿದ್ದು ಆ ಸೈನಿಕರ ಕನ್ನಡಕ್ಕೆಲ್ಲ ಹಿಂದಿ ಸೇರಿಬಿಟ್ಟಿತ್ತು. ಆಫೀಸುಗಳಲ್ಲಿ ಮಾತಾಡಲು ಒಬ್ಬ ಬಾಯಿಬಡುಕ ಬೇಕಿತ್ತು. ಆ ಹುದ್ದೆಗೆ ಸುತ್ತಮುತ್ತ ನನಗೆ ಪ್ರತಿಸ್ಪರ್ಧಿಗಳೇ ಇರಲಿಲ್ಲ.

ಹೀಗಿರುವಾಗ ಒಂದು ವರ್ಷ, ಶಾಲೆಗೆ ಹೋಗುವ ಎಸ್ಟೇಟ್ ರಸ್ತೆಯಲ್ಲಿ ಆನೆ ಒಬ್ಬರನ್ನು ತುಳಿದು ಕೊಂದಿತು. ಮರುದಿನದಿಂದ ಯಾರೂ ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. ನನ್ನ ಮಗಳೂ ಮನೆಯಲ್ಲೇ ಕೂತಳು. ಹೀಗೇ ಆದರೆ ಶಾಲೆಗೆ ಬೀಗ ಬೀಳುತ್ತದೆ ಅಂತ ಮೇಷ್ಟ್ರು ಸಂಘದ ಬಾಗಿಲಿಗೆ ಬಂದರು. ದ್ಯಾವೇಗೌಡರು ಎದ್ದು ನಿಂತು, "ಮಕ್ಳನ್ನ ನಾವ್ ಕರ್ಕಂಡ್ ಹೋಗ್ತೀವಿ. ನಾವೇ ವಾಪಸ್ ಕರ್ಕಂಡ್ ಬತ್ತೀವಿ. ಜವಾಬ್ದಾರಿ ನಂದು" ಅಂದರು. ಫೌಜಿನವರು ಅನ್ನುವ ಒಂದೇ ನಂಬಿಕೆಯಿಂದ ಊರು ಒಪ್ಪಿತು. ನಾನೂ ಒಪ್ಪಿದೆ, ಆದರೆ ಮಗಳ ಹಿಂದೆಯೇ ನಡೆಯುತ್ತೇನೆ ಅಂತ ಹಟ ಹಿಡಿದೆ.

ಅವರು ಮಕ್ಕಳನ್ನು ಕರೆದೊಯ್ದ ರೀತಿ ನೋಡಬೇಕಿತ್ತು! ಗಡಿಯಲ್ಲಿ ಗಸ್ತು ಹೊರಟಂತೆ ಒಬ್ಬರ ಹಿಂದೆ ಒಬ್ಬರು. ಮುಂದೆ ಹೊಳೆಯುವ ಬೂಟಿನ ಸುಬೇದಾರರು, ಕೊನೆಯಲ್ಲಿ ಹವಾಲ್ದಾರ್ ಬಸಪ್ಪ. ಬಾಯಿಗೆ ಬೀಗ, ಎಲ್ಲವೂ ಕೈಸನ್ನೆ. ಮುಷ್ಟಿ ಎತ್ತಿದರೆ ನಿಲ್ಲು, ಅಂಗೈ ಕೆಳಗೆ ಮಾಡಿದರೆ ಕೂರು. ಮಕ್ಕಳಿಗೆ ಇದೊಂದು ಆಟವಾಗಿ, ಉಸಿರು ಕೂಡ ಮೆಲ್ಲಗೆ ಬಿಡುತ್ತಿದ್ದವು. ಸಂಕಟವಾಗಿದ್ದು ನನಗೊಬ್ಬನಿಗೇ.

"ಗೌಡ್ರೇ, ಬಾಯಿಗೊಂದು ಲಗಾಮು ಹಾಕಿ ಮಾರಾಯ್ರೇ. ಪೆಟ್ರೋಲಿಂಗಲ್ಲಿ ಕೆಮ್ಮಂಗೂ ಇಲ್ಲ" ಅಂತ ಸುಬೇದಾರರು ನನ್ನನ್ನು ಗದರುತ್ತಿದ್ದರು. ಹತ್ತಿರ ಬಂದಾಗಲೆಲ್ಲ ಆ ಪಾಲಿಶ್ ವಾಸನೆ. ಎಸ್ಟೇಟಿನ ಕೂಲಿ ಲೈನಿನ ಹೆಂಗಸರು ಜೋರಾಗಿ ಹರಟುತ್ತ, ಕೂಗಿ ಕರೆಯುತ್ತ ಕೆಲಸಕ್ಕೆ ಹೋದರೆ, "ಇದೇನ್ ರಸ್ತೇನೋ ಸಂತೇನೋ" ಅಂತ ಮುಖ ಸಿಂಡರಿಸುತ್ತಿದ್ದರು.

ಮಂಜು ಕವಿದ ಒಂದು ಬೆಳಿಗ್ಗೆ, ತಿರುವಿನಲ್ಲಿ, ಸುಬೇದಾರರ ಮುಷ್ಟಿ ಮೇಲೆದ್ದಿತು. ತಕ್ಷಣ ಅಂಗೈ ಕೆಳಗಾಯಿತು. ಮಕ್ಕಳು ಶಿಸ್ತಾಗಿ ಒದ್ದೆ ಮಣ್ಣಿನಲ್ಲೇ ಕೂತವು. ನಾನು ತಲೆಯೆತ್ತಿ ನೋಡಿದೆ. ಮಂಜಿನಲ್ಲಿ ಗೋಡೆಯಂಥದೊಂದು ಅಲ್ಲಾಡಿತು. ರಸ್ತೆಗೆ ಅಡ್ಡಲಾಗಿ ಬೈನೆ ಮರ ಬೀಳಿಸಿಕೊಂಡು, ನಮಗೆ ಬೆನ್ನು ಹಾಕಿ, ಆನೆ ಅದರ ತಿರುಳು ಬಗೆದು ತಿನ್ನುತ್ತಿತ್ತು. ಅಷ್ಟು ಹತ್ತಿರ! ನಾವು ಬಂದದ್ದು ಅದಕ್ಕೆ ಗೊತ್ತೇ ಆಗಿರಲಿಲ್ಲ. ಗೊತ್ತಾಗದ ಹಾಗೆ ನಾವೇ ಅಷ್ಟು ಚೆನ್ನಾಗಿ ನಡೆದು ಬಂದಿದ್ದೆವು. ಈಗ ಒಂದು ಮಗು ಚೀರಿದರೆ, ಅದು ಬೆಚ್ಚಿ ತಿರುಗಿದರೆ? ಮಗಳು ತಿರುಗಿ ನನ್ನತ್ತ ನಕ್ಕಳು, ಆಟದಲ್ಲಿ ಗೆದ್ದವಳ ಹಾಗೆ. ಅವಳಿಗೆ ಆನೆ ಕಂಡಿರಲಿಲ್ಲ. ನಾನು ತುಟಿಯ ಮೇಲೆ ಬೆರಳಿಟ್ಟೆ.

ಸುಬೇದಾರರು ಕೈಯಲ್ಲೇ ಹಿಂದಕ್ಕೆ ಅಂದರು. ಬಸಪ್ಪ ಮಕ್ಕಳನ್ನು ಒಂದೊಂದಾಗಿ ಎಬ್ಬಿಸಿ, ಹೆಜ್ಜೆ ಹೆಜ್ಜೆಯಾಗಿ ತಿರುವಿನಾಚೆಗೆ ಸರಿಸಿದ. ಅಲ್ಲಿಂದಲೂ ಇನ್ನಷ್ಟು ದೂರ ಹೋಗಿ ದಿಬ್ಬದ ಮರೆಯಲ್ಲಿ ನಿಂತೆವು. ಆನೆ ಅತ್ತ ಹೋಗುತ್ತದೋ, ಇತ್ತ ಬರುತ್ತದೋ? ಸುಬೇದಾರರ ಮುಖ ಬಿಳಿಚಿಕೊಂಡಿತ್ತು. ಬಾಯಿ ತೆರೆದರು, ದನಿ ಹೊರಡಲಿಲ್ಲ. ಆಗ ನನ್ನ ಕಡೆ ತಿರುಗಿ, ಹೆಬ್ಬೆರಳಿಗೆ ಬೆರಳುಗಳನ್ನು ತಾಗಿಸಿ ಬಿಡಿಸಿದರು. ಮತ್ತೆ ತಾಗಿಸಿ ಬಿಡಿಸಿದರು. ಕೋಳಿಮರಿ ಕೊಕ್ಕು ಆಡಿಸಿದ ಹಾಗಿತ್ತು. ಅವರ ಯಾವ ಪಾಠದಲ್ಲೂ ಇಲ್ಲದ ಸನ್ನೆ. ಮಾತಾಡು ಅಂತ!

ಆ ಹೊತ್ತಿಗೆ ನನ್ನ ಬಾಯಿಗೆ ಬಂದದ್ದು ಕಾಫಿಗಿಡ ಹೂ ಬಿಡಿಸುವ ಹೂಮಳೆ. "ಈ ಸಲ ಹೂಮಳೆ ಬರುತ್ತಾ ಸುಬೇದಾರ್ರೇ? ಹೋದ್ಸಲ ಕೈ ಕೊಡ್ತಲ್ಲ. ನಮ್ ತೋಟದ ರೋಬಸ್ಟಾ..." ಅಂತ ಶುರುಮಾಡಿ, ಗೊಬ್ಬರ, ಕಾಯಿಕೊರಕ, ಹೊಸಕೋಟೆ ಬಸ್ಸಿನ ಕಂಡಕ್ಟರು, ಬಾಯಿಗೆ ಬಂದದ್ದನ್ನೆಲ್ಲ ಲೈನಿನ ಹೆಂಗಸರ ಹಾಗೆ ಗಟ್ಟಿಯಾಗಿ, ನಿಧಾನವಾಗಿ ಒದರಿದೆ. ಮಂಜಿನಾಚೆ ಮರ ಬಗೆಯುವ ಸದ್ದು ನಿಂತಿತು. ನಾನು ನಿಲ್ಲಿಸಲಿಲ್ಲ. ಆಮೇಲೆ ಕಾಫಿಗಿಡ ಲಟಲಟ ಮುರಿಯುತ್ತ ಆನೆ ಕೆಳಗಿನ ಹಳ್ಳಕ್ಕೆ ಇಳಿದುಹೋಯಿತು.

ಅಂದು ಸಂಜೆ ಸಂಘದ ಸ್ಟೋರಿನಲ್ಲಿ, ಮಕ್ಕಳ ತಂದೆತಾಯಂದಿರ ಮುಂದೆ, ಸುಬೇದಾರರು ಬೂಟು ಜೋಡಿಸಿ ನಿಂತರು. "ಬಾರ್ಡರಲ್ಲಿ ನಾವ್ ಬರೋದು ಅವ್ರಿಗೆ ಗೊತ್ತಾಗ್ಬಾರ್ದು. ಇಲ್ಲಿ ಆನೆಗೆ ಮೊದ್ಲೇ ಗೊತ್ತಾಗ್ಬೇಕು, ಆಗ ಅದೇ ದಾರಿ ಬಿಡ್ತದೆ. ಮಕ್ಳನ್ನ ನಾನೇ ಅದರ ಕಾಲ್ಬುಡಕ್ಕೆ ಕರ್ಕಂಡೋಗ್ಬುಟ್ಟಿದ್ದೆ" ಅಂದರು. ಯಾರೂ ಬೈಯಲಿಲ್ಲ. ಮಾರನೆಯ ದಿನದಿಂದ ಮಕ್ಕಳು ಮಗ್ಗಿ ಕೂಗುತ್ತ ಶಾಲೆಗೆ ನಡೆದವು, ಮುಂದೆ ನಾನು. ಸುಸ್ತಾಗಿ ನಾನು ಸುಮ್ಮನಾಗಿ ತಿರುಗಿ ನೋಡಿದಾಗಲೆಲ್ಲ ಹಿಂದೆ ಸುಬೇದಾರರದು ಆ ಕೋಳಿಮರಿ ಕೊಕ್ಕಿನ ಸನ್ನೆ. ಶಾಲೆಗೆ ಬೀಗ ಬೀಳಲಿಲ್ಲ.

ಗೌರಕ್ಕ ಎರಡನೆಯ ಬೂಟು ಕೈಗೆತ್ತಿಕೊಂಡರು. ಇನ್ನು ನಿಲ್ಲುವುದು ಚೆನ್ನಾಗಿರಲಿಲ್ಲ, ಒಳಗೆ ಹೋದೆ.

ಅವರು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಬಾಯಿ ಒಂದು ಕಡೆ ವಾಲಿತ್ತು. ನನ್ನನ್ನೇ ನೋಡುತ್ತಿದ್ದರು, ಆದರೆ ಗುರುತಿನ ಸುಳಿವೇ ಇಲ್ಲ. ಊರಿಗೆಲ್ಲ ಬಾಯಿಬಡುಕನಾದ ನನ್ನ ಬಾಯಿಂದ ಒಂದು "ನಮಸ್ಕಾರ" ಕೂಡ ಹೊರಡಲಿಲ್ಲ. ತಿರುಗಿ ಹೋಗಿಬಿಡಲೇ ಅನ್ನಿಸಿತು.

ಆಗ ತೊಡೆಯ ಮೇಲಿದ್ದ ಅವರ ಎಡಗೈ ಸ್ವಲ್ಪ ಮೇಲೆದ್ದಿತು. ಬೆರಳುಗಳು ನಿಧಾನವಾಗಿ ಹೆಬ್ಬೆರಳಿಗೆ ತಾಗಿದವು, ಬಿಡಿಸಿಕೊಂಡವು. ಮತ್ತೆ ತಾಗಿದವು.

"ಈ ಸಲ ಹೂಮಳೆ ಚೆನ್ನಾಗಿ ಬಂತು ಸುಬೇದಾರ್ರೇ" ಅಂದೆ. ಅವರ ಕೈ ಕೆಳಗಿಳಿಯಲಿಲ್ಲ. ನಾನೂ ನಿಲ್ಲಿಸಲಿಲ್ಲ.