ಎರಡು ಬಕೆಟ್ ನೀರು, ಒಂದು ನೀಲಿ ಕಾರು

ಸೊಸೆ ಆ ಮನೆಗೆ ಮೊದಲ ಸಲ ಹೋದಾಗ ಅವಳಿನ್ನೂ ಸೊಸೆಯಾಗಿರಲಿಲ್ಲ. ಔಷಧಿ ಅಂಗಡಿಯ ಕೆಲಸ ಮುಗಿಸಿ, ಇದ್ದುದರಲ್ಲೇ ಒಳ್ಳೆಯ ಬಟ್ಟೆ ತೊಟ್ಟು, ಮುಂದೆ ಅತ್ತೆಯಾಗುವವರ ಎದುರು ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಗೇಟು ದಾಟಿದಾಗ ಮೊದಲು ಕಂಡದ್ದು ಸ್ಟೂಲಿನ ಮೇಲೆ ಎರಡು ಒದ್ದೆ ಪಾದ. ಗಟ್ಟಿಮುಟ್ಟಾದ ಹೆಂಗಸೊಬ್ಬರು ಹಳೆಯ ನೀಲಿ ಕಾರಿನ ಮೇಲೆ ಬಗ್ಗಿ, ಮಗುವಿನ ನೆತ್ತಿ ತೊಳೆಯುವ ಹಾಗೆ ಅದರ ಚಾವಣಿಯನ್ನು ತೊಳೆಯುತ್ತಿದ್ದರು. ಬೆರಳಿನ ಉಂಗುರ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದರು.

"ಅಮ್ಮಾ, ಇವಳೇ," ಅಂದ ಮಗ.

"ಗೊತ್ತಾಯ್ತು. ಕೈ ಖಾಲಿ ಇದೆಯೇನಮ್ಮಾ?"

"ಹೂಂ..."

"ಹಾಗಾದ್ರೆ ವಾಚು ಬಿಚ್ಚಿಟ್ಟು ಬಾ. ಈ ಬಾಗಿಲು ಒರೆಸು. ಬಣ್ಣಕ್ಕೆ ಗೀರು ಬಿತ್ತೋ, ಮದುವೆ ಕ್ಯಾನ್ಸಲ್!"

ಬಾಯಿಪಾಠ ಮಾಡಿದ್ದೆಲ್ಲ ನೀರಿನ ಜೊತೆ ಚರಂಡಿಗೆ ಹೋಯಿತು. ಅವಳು ವಾಚು ಬಿಚ್ಚಿದಳು, ಬಾಗಿಲು ಒರೆಸಿದಳು. ಗೀರು ಬೀಳಲಿಲ್ಲ; ಮದುವೆಯಾಯಿತು.

ಅತ್ತೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದರು. ಕಾರು ಮಾವನದು. ಮಾವ ಬದುಕಿದ್ದಾಗ ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಹೆಂಡತಿಗೆ ಗಾಡಿ ಕಲಿಸಿ, ಲೈಸೆನ್ಸೂ ಮಾಡಿಸಿಕೊಟ್ಟಿದ್ದರು. ಅವರು ತೀರಿಕೊಂಡ ಮೇಲೆ ಮಾತ್ರ ಕಾರನ್ನು ರಸ್ತೆಗಿಳಿಸಲು ಯಾರೂ ಅತ್ತೆಯನ್ನು ಬಿಡಲಿಲ್ಲ. ಮಗನೋ, ಸ್ಟೇರಿಂಗ್ ಕಂಡರೆ ಅಂಗೈ ಬೆವರುವ ಆಸಾಮಿ. ಹಾಗಾಗಿ ಕಾರು ಅಂಗಳದಲ್ಲೇ ನಿಂತಿತ್ತು. ವಾರಕ್ಕೊಮ್ಮೆ ಅತ್ತೆ ಒಳಗೆ ಕೂತು ಎಂಜಿನ್ ಚಾಲೂ ಮಾಡುತ್ತಿದ್ದರು, ಸ್ವಲ್ಪ ಹೊತ್ತು ಗುರುಗುಟ್ಟಿಸಿ ಆರಿಸುತ್ತಿದ್ದರು. ಗೇಟು ತೆಗೆಯುವ ಧೈರ್ಯ ಮಾತ್ರ ಬಂದಿರಲಿಲ್ಲ.

ಮದುವೆಯಾದ ವರ್ಷವೇ ಚಿಕ್ಕಮಾವ, ಅಂದರೆ ಅತ್ತೆಯ ಮೈದುನ, ಕಾರಿನ ಬಾನೆಟ್ಟಿನ ಮೇಲೆ ಬೆರಳು ಎಳೆದು ಧೂಳು ತೋರಿಸಿದರು.

"ಅತ್ತಿಗೆ, ಹಠ ಸಾಕು. ಗಾಡಿ ಕೊಳೀತಾ ಇದೆ. ಭಾನುವಾರ ಕೊಳ್ಳೋರೊಬ್ಬರನ್ನ ಕರ್ಕೊಂಡು ಬರ್ತೀನಿ, ಕೊಟ್ಟುಬಿಡೋಣ."

"ಯಾರಪ್ಪನ ಗಾಡಿ ಅಂತ ಕೊಡೋಣ ಅಂತೀಯ?"

"ಅಣ್ಣನ ಗಾಡಿ. ನಿಮಗ್ಯಾಕೆ ಈ ವಯಸ್ಸಲ್ಲಿ?"

ಅತ್ತೆಯ ಮೂಗಿನ ಹೊಳ್ಳೆ ಅರಳಿತು. "ಸರಿ, ಕರ್ಕೊಂಡು ಬಾ. ಕೊಳೆತಿದೆ ಅಂತ ಅವನು ಹೇಳಿದ್ರೆ ತಗೊಂಡು ಹೋಗು. ಕೊಳೆತಿಲ್ಲ ಅಂದ್ರೆ, ಇನ್ನೊಂದು ಸಲ ಈ ಮಾತು ನಿನ್ನ ಬಾಯಲ್ಲಿ ಬರಕೂಡದು."

ಮಾತು ಕೊಟ್ಟಾಗಿತ್ತು. ಮಾರನೆಯ ಮಧ್ಯಾಹ್ನ ಸೊಸೆ ಅಂಗಡಿಯಿಂದ ಬಂದಾಗ ಅತ್ತೆ ಉರಿಬಿಸಿಲಲ್ಲಿ, ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗೆ ಹಾಕುವ ಪುಡಿಯನ್ನು ಬಿಸಿನೀರಿಗೆ ಕಲಸಿ, ಕಾರನ್ನು ನೊರೆಯಲ್ಲಿ ಮುಳುಗಿಸಿದ್ದರು. ರಕ್ತದ ಕಲೆಯನ್ನೇ ತೆಗೆಯುವ ಪುಡಿ, ಧೂಳು ಯಾವ ಲೆಕ್ಕ ಎಂಬುದು ಅವರ ವಾದ. ನೊರೆ ಮೈಮೇಲೇ ಒಣಗಿತು. ತೊಳೆದರೆ ಒಳಗಿನ ನೀಲಿ ಕಾಣಲೇ ಇಲ್ಲ. ಬಾನೆಟ್ಟು, ಚಾವಣಿ ಎಲ್ಲ ಬೂದಿ ಬಳಿದಂತೆ ಮಂಕಾಗಿತ್ತು.

ಅತ್ತೆ ಸ್ಟೂಲಿನ ಮೇಲೆ ಕುಸಿದು ಕೂತರು. "ನಾನೇ ಕೊಂದೆ ಕಣೇ. ಮೈದುನ ಹೇಳಿದ್ದನ್ನ ನಾನೇ ನಿಜ ಮಾಡಿದೆ."

ಸೊಸೆ ಹೋಗಿ ಎದುರು ಬೀದಿಯಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವವನನ್ನು ಎಳೆದುಕೊಂಡೇ ಬಂದಳು. ಅವನು ನೋಡಿ ಹೊಟ್ಟೆ ಹಿಡಿದು ನಕ್ಕ.

"ಏನಮ್ಮಾ, ಕಾರಿಗೆ ಡೆಟಾಲ್ ಹಾಕಿಲ್ಲ ತಾನೆ?"

"ನಗೋದು ಆಮೇಲೆ. ಉಳಿಯುತ್ತಾ ಹೇಳು," ಎಂದರು ಅತ್ತೆ.

ಅವನು ಒಂದು ಮೂಲೆಯಲ್ಲಿ ಪಾಲಿಶ್ ಹಚ್ಚಿ ತಿಕ್ಕಿದ. ಬಟ್ಟೆ ನೀಲಿಯಾಯಿತು. ಅತ್ತೆ ಚೀರಿದರು.

"ಅದು ಸತ್ತ ಬಣ್ಣ, ಹೋಗಲಿ ಬಿಡಿ. ಕೆಳಗಿಂದು ಜೀವಂತ ಇದೆ ನೋಡಿ," ಎಂದ. ನಿಜವೇ. ಆ ಅಂಗೈಯಗಲದಲ್ಲಿ ಸೊಸೆಯ ಮುಖ ಕಾಣುತ್ತಿತ್ತು. "ಮೇಲಿದ್ದ ಮೇಣ ನಿಮ್ಮ ಪುಡಿಗೆ ಹೋಯ್ತು. ನೆರಳಲ್ಲಿ, ಮೈ ತಣ್ಣಗಿರುವಾಗ, ಕಾರಿನ ಶಾಂಪೂವಿನಲ್ಲೇ ತೊಳೀರಿ. ಮೇಲಿಂದ ಕೆಳಕ್ಕೆ. ಮಣ್ಣು ಹಿಡಿದ ಬಟ್ಟೇನ ಶಾಂಪೂ ಬಕೆಟ್ಟಿಗೆ ಅದ್ದಬೇಡಿ. ಅದ್ದಿದರೆ ಮಣ್ಣೇ ಕಾರನ್ನ ಗೀಚುತ್ತೆ."

ಅತ್ತೆ ತಟ್ಟನೆ ಎದ್ದರು. "ಅದನ್ನ ನನಗೆ ಹೇಳ್ತೀಯಾ? ಆಪರೇಷನ್ ಕೋಣೆ ಬಟ್ಟೆ ಜಾಲಾಡಿದ ನೀರಿಗೆ ಇನ್ನೊಂದು ಬಟ್ಟೆ ಅದ್ದಿದ್ರೆ ನಾನೇ ಹುಡುಗಿಯರನ್ನ ಬೈಯೋಳು! ಸೊಸೇ, ಇನ್ನೊಂದು ಬಕೆಟ್ ತಾ."

ಒಂದು ಬಕೆಟ್ಟಿನಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಪ್ರತಿ ಸಲ ಬಟ್ಟೆಯನ್ನು ನೀರಿನಲ್ಲಿ ಜಾಲಾಡಿ, ಹಿಂಡಿ, ಆಮೇಲೆ ಶಾಂಪೂವಿಗೆ. ಭಾನುವಾರದವರೆಗೆ ಸಂಜೆಗಳೆಲ್ಲ ಅದೇ ಕೆಲಸ. ತೊಳೆದದ್ದನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಒಂದೊಂದು ತುಂಡನ್ನೇ ಪಾಲಿಶ್ ಮಾಡಿ, ಮೇಲೆ ತೆಳ್ಳಗೆ ಮೇಣ ಹಚ್ಚಿದರು. ಸೊಸೆಯ ಭುಜ ಹಿಡಿದುಕೊಂಡಿತು. ಮಗ ಕಿಟಕಿಯಿಂದ, "ಇಷ್ಟು ಉಪಚಾರ ನನಗೆ ಜ್ವರ ಬಂದಾಗಲೂ ಮಾಡಿರಲಿಲ್ಲ," ಎಂದು ಗೊಣಗಿದ.

"ನೀನು ಹೊಳೆಯೋ ಹಾಗಿದ್ರೆ ಮಾಡ್ತಿದ್ವಿ," ಎಂದಳು ಸೊಸೆ.

ಭಾನುವಾರ ಚಿಕ್ಕಮಾವ ಕೊಳ್ಳುವವನ ಜೊತೆ ಬಂದು ಗೇಟಿನಲ್ಲೇ ನಿಂತುಬಿಟ್ಟರು. ಅತ್ತೆ ಒಂದು ಚೊಂಬು ನೀರು ಬಾನೆಟ್ಟಿನ ಮೇಲೆ ಸುರಿದರು. ನೀರು ಮಣಿಮಣಿಯಾಗಿ ಉರುಳಿ ಕೆಳಗಿಳಿಯಿತು. ಕೊಳ್ಳುವವನು ಸುತ್ತ ಬಂದು, ಬಾಗಿಲ ಅಂಚು ತಡವಿ, ಬಗ್ಗಿ ತಳ ನೋಡಿ, "ಎಲ್ಲೂ ತುಕ್ಕಿಲ್ಲ. ಗಾಡಿ ಚಿನ್ನದಂಗಿದೆ. ಈಗಲೇ ಕೊಡಿ," ಎಂದ.

"ಕೇಳಿದ್ಯಲ್ಲ?" ಅತ್ತೆ ಮೈದುನನತ್ತ ತಿರುಗಿದರು. "ಕೊಳೆತಿಲ್ಲ."

"ಅದಕ್ಕೇ ಅಲ್ವಾ ಅತ್ತಿಗೆ, ಒಳ್ಳೆ ಸಮಯ..."

"ಕೊಳೆತಿದ್ರೆ ಕೊಡ್ತೀನಿ ಅಂದಿದ್ದೆ. ಮಾತು ಅಂದ್ರೆ ಮಾತು."

ಚಿಕ್ಕಮಾವನ ಮುಖ ಕೆಂಪಾಯಿತು. "ತೊಳೆದು ತೊಳೆದು ಏನ್ಮಾಡ್ತೀರಿ? ಓಡಿಸೋರು ಯಾರು?"

ಇಷ್ಟು ದಿನವೂ ಅತ್ತೆಗೆ ಗೆಲ್ಲಲಾಗದಿದ್ದದ್ದು ಈ ಪ್ರಶ್ನೆಯನ್ನೇ ಎಂದು ಸೊಸೆಗೆ ಗೊತ್ತಿತ್ತು. ಅತ್ತೆ ತೋಳು ಒರೆಸಿಕೊಂಡರು, ಕಿಟಕಿಯ ಕಟ್ಟೆಯಿಂದ ಉಂಗುರ ತೆಗೆದು ಬೆರಳಿಗೆ ಹಾಕಿಕೊಂಡರು.

"ಸೊಸೇ, ಗೇಟು ತೆಗಿ."

ಅವಳು ಗೇಟಿನ ಎರಡೂ ಬಾಗಿಲು ಅಗಲಕ್ಕೆ ತೆಗೆದಳು. ಅತ್ತೆ ಒಳಗೆ ಕೂತು ಚಾಲೂ ಮಾಡಿದರು; ಕಾರು ಒಮ್ಮೆ ಕುಪ್ಪಳಿಸಿ ಆರಿತು. ಚಿಕ್ಕಮಾವ ಪಕಪಕ ನಕ್ಕರು. ಅತ್ತೆ ಅವರ ಕಡೆ ನೋಡದೆ ಮತ್ತೆ ಚಾಲೂ ಮಾಡಿದರು. ಈ ಸಲ ಕಾರು ಆರಲಿಲ್ಲ. ಗೇಟಿನ ಹತ್ತಿರ ಬಂದು ನಿಂತಿತು. ಗಾಜು ಇಳಿಯಿತು.

"ಹೊರಗೇ ನಿಂತಿರ್ತೀಯೇನೇ? ಹತ್ತು. ಕಾಲು ಒರೆಸ್ಕೊಂಡು!"

ಈಗ ಅತ್ತೆ ಲಾಂಡ್ರಿಯ ಮೂವರು ಹೆಂಗಸರನ್ನು ಬೆಳಿಗ್ಗೆ ನೀಲಿ ಕಾರಿನಲ್ಲಿ ಕರೆದೊಯ್ದು, ಸಂಜೆ ಅವರವರ ಮನೆ ಬಾಗಿಲಿಗೆ ಬಿಡುತ್ತಾರೆ. ಭಾನುವಾರ ಅಂಗಳಕ್ಕೆ ನೆರಳು ಬಂದ ಮೇಲೆ, ಎರಡು ಬಕೆಟ್ ಇಟ್ಟುಕೊಂಡು ಕಾರು ತೊಳೆಯುತ್ತಾರೆ.