ಗ್ರಿಲ್ಲಿನ ಪಕ್ಕೆಗೊಂದು ತೂತು

ಪಕ್ಕದ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಬೆಳಿಗ್ಗೆಯಿಂದ ಡ್ರಿಲ್ಲಿನ ಸದ್ದು. ಯಾರೋ ಎಸಿ ಹಾಕಿಸುತ್ತಿದ್ದಾರೆ. ಥಾಣೆಯ ನಮ್ಮ ವರ್ತಕ ನಗರದಲ್ಲಿ ಹೋಳಿ ಕಳೆದ ಮೇಲೆ ಇದು ಮಾಮೂಲು, ಸೊಸೈಟಿಯಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ. ನನಗೆ ಮಾತ್ರ ಆ ಸದ್ದು ಕೇಳಿದರೆ ಅಂಗೈ ಬೆವರುತ್ತದೆ. ಗೋಡೆ ಮುಗಿದು ಕಬ್ಬಿಣಕ್ಕೆ ತಾಗಿದಾಗ ಅದು ಕಿರ್ ಎಂದು ಸ್ವರ ಬದಲಿಸುತ್ತದಲ್ಲ, ಆಗಂತೂ ಕೈಯಲ್ಲಿರುವ ಕಾಫಿ ಲೋಟವನ್ನು ಕೆಳಗಿಟ್ಟುಬಿಡುತ್ತೇನೆ. ನಗಬೇಡಿ. ಕಾರಣವಿದೆ, ಅದನ್ನೇ ಹೇಳಲು ಕೂತಿದ್ದೇನೆ.

ನಾಲ್ಕು ವರ್ಷದ ಹಿಂದಿನ ಮಾತು. ನನ್ನ ಮಾವನವರು, ಅಂದರೆ ಹೆಂಡತಿ ಸುಜಾತಾಳ ತಂದೆ, ಆಗ ತಾನೇ ಆಸ್ಪತ್ರೆಯಿಂದ ನಮ್ಮ ಮನೆಗೆ ಬಂದಿದ್ದರು. ರಕ್ತದ ಕ್ಯಾನ್ಸರ್. ಐದು ತಿಂಗಳ ಚಿಕಿತ್ಸೆಯಲ್ಲಿ ಕಾಯಿಲೆ ಹಿಡಿತಕ್ಕೆ ಬಂದಿತ್ತು. ಆದರೆ ಮೈಯಲ್ಲಿ ಸೋಂಕಿನೊಂದಿಗೆ ಹೋರಾಡುವ ಶಕ್ತಿ ಉಳಿದಿರಲಿಲ್ಲ. ಡೊಂಬಿವಲಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಬಾಯ್ಲರ್ ನೋಡಿಕೊಂಡ ಗಟ್ಟಿ ಆಸಾಮಿ, ಈಗ ಸ್ವೆಟರ್ ಹಾಕಿಕೊಂಡು ಕಿಟಕಿಯ ಪಕ್ಕ ಕೂತಿರುತ್ತಿದ್ದರು. ಉಡುಪಿ ಕಡೆಯವರು. ಮಗಳ ಜೊತೆ ತುಳು, ನನ್ನ ಜೊತೆ ಕನ್ನಡ. ಅವರಿಬ್ಬರೂ ತುಳುವಿನಲ್ಲಿ ಹರಟುವಾಗ ನಾನು ನಗುವ ಜಾಗ ನೋಡಿಕೊಂಡು ನಗುತ್ತಿದ್ದೆ. ಮದುವೆಯಾಗಿ ಹನ್ನೆರಡು ವರ್ಷವಾದರೂ ನನ್ನ ತುಳು ಅಷ್ಟಕ್ಕೇ ನಿಂತಿತ್ತು.

ಅವರ ನಾಲಿಗೆಯ ರುಚಿ ಹೋಗಿತ್ತು. ಗಂಜಿ, ಸಾರು, ಹಣ್ಣು, ಏನು ಕೊಟ್ಟರೂ "ಕಬ್ಬಿಣ ನೆಕ್ಕಿದ ಹಾಗೆ ಆಗ್ತದೆ" ಎಂದು ತಟ್ಟೆ ಸರಿಸುತ್ತಿದ್ದರು. ತೂಕ ಇಳಿಯುತ್ತಲೇ ಇತ್ತು. ಒಂದು ದಿನ ಮಾತ್ರ ತಾವಾಗಿಯೇ ಬಾಯಿಬಿಟ್ಟರು. "ಕೆಂಡದಲ್ಲಿ ಸುಟ್ಟ ಕೋಳಿ ಆದ್ರೆ ತಿನ್ಲಿಕ್ಕೆ ಆದೀತೋ ಏನೋ. ಹೊಗೆಯ ರುಚಿ ಅಷ್ಟು ಸುಲಭಕ್ಕೆ ಹೋಗ್ಲಿಕ್ಕಿಲ್ಲ." ಸುಜಾತಾ ಅವತ್ತೇ ಡಾಕ್ಟರನ್ನು ಕೇಳಿದಳು. ಹೊರಗಿನದು ಬೇಡ, ಮನೆಯಲ್ಲೇ ಮಾಡಿ, ಆದರೆ ಒಂದು ಎಳೆಯಷ್ಟೂ ಹಸಿ ಇರಕೂಡದು, ಜ್ವರ ನೂರರ ಮೇಲೆ ಅರ್ಧ ಡಿಗ್ರಿ ಹೋದರೂ ತಕ್ಷಣ ಕರೆತನ್ನಿ ಎಂದರು ಡಾಕ್ಟರು. ಈ ಮಾತು ಕೇಳಿದ್ದು ಇಡೀ ಮನೆ, ನಿದ್ದೆಗೆಟ್ಟಿದ್ದು ನಾನೊಬ್ಬ.

ಯಾಕೆಂದರೆ ಸುಡಬೇಕಾದವನು ನಾನು. ನಮ್ಮದು ನೆಲಮಹಡಿಯ ಫ್ಲ್ಯಾಟು. ಹಿಂದೆ ಬಟ್ಟೆ ಒಣಗಿಸುವಷ್ಟು ಹಿತ್ತಿಲಿದೆ. ಅಲ್ಲಿ, ಪುಣೆಗೆ ಹೋದ ಸಹೋದ್ಯೋಗಿಯೊಬ್ಬ ಬಿಟ್ಟುಹೋದ ಕಪ್ಪು ಗ್ರಿಲ್ ಒಂದಿತ್ತು, ಮೂರು ಕಾಲಿನ ಮೇಲೆ ಕೂತ ದೊಡ್ಡ ಬೋಗುಣಿಯಂಥದ್ದು, ಮೇಲೊಂದು ಗುಂಡನೆಯ ಮುಚ್ಚಳ. ಅದರಲ್ಲಿ ನಾನು ಆವರೆಗೆ ಜೋಳದ ತೆನೆ ಬಿಟ್ಟು ಬೇರೇನನ್ನೂ ಸುಟ್ಟಿರಲಿಲ್ಲ. ಸುಜಾತಾಗೆ ಇದ್ದಿಲ ಹೊಗೆ ಅಂದರೆ ಉಬ್ಬಸ. ಇನ್ನು ನಾನೋ, ಮೊಟ್ಟೆಯೂ ಹೊಸ್ತಿಲು ದಾಟದ ಮೈಸೂರಿನ ಮನೆಯಲ್ಲಿ ಬೆಳೆದವನು. ಹೆಂಡತಿಯ ಮನೆಯವರು ಕೋಳಿ ತಿಂದರೆ ನನಗೇನೂ ಬೇಸರವಿಲ್ಲ, ಬಡಿಸುತ್ತೇನೆ ಕೂಡ. ಆದರೆ ಬೆಂದಿದೆಯೇ ಎಂದು ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡುವ ಹಾಗಿಲ್ಲ. ನೋಡಿದರೂ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ ಆಫೀಸಿನಲ್ಲಿ ನನ್ನದು ರಿಸ್ಕ್ ವಿಭಾಗ. ಎಲ್ಲೆಲ್ಲಿ ಏನೇನು ಕೆಡಬಹುದು ಎಂದು ಹೆದರುವುದಕ್ಕೇ ನನಗೆ ಸಂಬಳ.

ಹೆದರಿದವನಿಗೆ ಅಂಕಿ ಬೇಕು. ಕೋಳಿಯ ಒಳಗೆ ಎಪ್ಪತ್ತನಾಲ್ಕು ಡಿಗ್ರಿ ಮುಟ್ಟಿದರೆ ಭಯವಿಲ್ಲ ಎಂದು ಓದಿದೆ. ಗ್ರಿಲ್ಲಿನ ಮುಚ್ಚಳದ ಮೇಲೊಂದು ಥರ್ಮಾಮೀಟರ್ ಇದ್ದೇ ಇತ್ತು. ಆದರೆ ಅದು ತೋರಿಸುವುದು ಒಳಗಿನ ಗಾಳಿಯ ಬಿಸಿಯನ್ನು, ಮಾಂಸದ್ದನ್ನಲ್ಲ. ಅದಕ್ಕೆಂದೇ ಉದ್ದನೆಯ ಸೂಜಿ, ಅದಕ್ಕೊಂದು ತಂತಿ, ತಂತಿಯ ತುದಿಗೆ ಅಂಕಿ ತೋರಿಸುವ ಡಬ್ಬಿ ಇರುವ ಯಂತ್ರವೊಂದನ್ನು ತರಿಸಿದೆ. ಸೂಜಿ ಕೋಳಿಯೊಳಗೆ, ಡಬ್ಬಿ ಹೊರಗೆ. ತಂತಿ? ಮುಚ್ಚಳದ ಅಂಚಿಗೆ ಸಿಕ್ಕಿಸಿದರೆ ಜಜ್ಜಿಹೋಗುತ್ತದೆ, ಸಂದಿಯಲ್ಲಿ ಬಿಸಿಯೂ ಸೋರುತ್ತದೆ. ಹಾಗಾಗಿ ಬೋಗುಣಿಯ ಪಕ್ಕೆಗೆ, ಜಾಲರಿಯ ಎತ್ತರದಲ್ಲಿ, ತಂತಿ ಹಾಯಲು ಒಂದು ತೂತು ಕೊರೆಯಬೇಕು ಎಂದು ತೀರ್ಮಾನವಾಯಿತು. ಮೇಲಿನ ಎನಾಮಲ್ ಪದರ ಬಿರುಕುಬಿಟ್ಟರೆ ತುಕ್ಕು ಹಿಡಿದು ಚಕ್ಕೆ ಉದುರುತ್ತದೆ, ಚಕ್ಕೆ ಕೋಳಿಗೆ ಬಿದ್ದರೆ ಮಾವನ ಹೊಟ್ಟೆಗೆ ಹೋಗುತ್ತದೆ ಎಂಬ ಹೊಸ ಚಿಂತೆಯೂ ಜೊತೆಗೆ ಸೇರಿಕೊಂಡಿತು. ಹತ್ತು ದಿನ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ, ಅಳಿಸಿದೆ.

ಕೊನೆಗೆ ಗ್ರಿಲ್ಲಿನ ಕಾಲು ಬಿಚ್ಚಿ, ಬೋಗುಣಿಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಉಲ್ಹಾಸನಗರದ ವರ್ಕ್‌ಶಾಪಿಗೆ ಹೊರಟೆ. ಆಫೀಸಿನ ವಾಚ್‌ಮನ್ ಹೇಳಿದ ಜಾಗ, ಅವರ ಊರಿನ ಕಡೆಯ ಫಿಟ್ಟರ್ ಒಬ್ಬರು ಅಲ್ಲಿದ್ದರು. ಸ್ಲೋ ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಅದನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಮುಂಬ್ರಾದಲ್ಲಿ ಹತ್ತಿದ ಮೀನಿನ ಬುಟ್ಟಿಯ ಹೆಂಗಸು ಬೆಡ್‌ಶೀಟಿನ ಮೇಲೆ ಬೆರಳಿನಿಂದ ಟಣ್ ಎಂದು ಬಾರಿಸಿ, "ಗಣಪತಿಗೆ ಇನ್ನೂ ಎಷ್ಟೊಂದು ದಿನ ಇದೆಯಲ್ಲ, ಈಗಲೇ ನಗಾರಿಯೇ?" ಎಂದು ಮರಾಠಿಯಲ್ಲಿ ಕೇಳಿದಳು. ಮಾವನಿಗೆ ಕೋಳಿ ಸುಡಲಿಕ್ಕೆ ಎಂದೆ. ಅವಳಿಗೆ ನಗಾರಿಯೇ ಹೆಚ್ಚು ನಂಬುವಂಥದ್ದು ಅನ್ನಿಸಿರಬೇಕು.

ಫಿಟ್ಟರ್ ಮಲ್ಲಪ್ಪನವರು ವಿಜಯಪುರ ಕಡೆಯವರು. ಬೋಗುಣಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎನಾಮಲ್ ಐತ್ರಿ ಇದಕ್ಕ. ಗುದ್ದಿದ್ರ ಸಿಡಿತೈತಿ. ಬೆಂಕಿ ಯಾವ ಬಾಜೂ ಇರ್ತೈತಿ, ಕೋಳಿ ಯಾವ ಬಾಜೂ ಇಡ್ತೀರಿ?"

"ಅದು... ನೋಡಬೇಕು."

"ನೋಡಬೇಕಂದ್ರ? ಸುಡೋರು ಯಾರ್ರೀ?"

"ನಾನೇ."

"ತಿನ್ನೋರು?"

"ನಾನಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಭಾಳ ಛಲೋ ಆತು ನೋಡ್ರಿ" ಎಂದರು. ಆಮೇಲೆ ಅವರೇ ಬೆಂಕಿಗೊಂದು ಕಡೆ, ಕೋಳಿಗೊಂದು ಕಡೆ ಎಂದು ಗೊತ್ತುಮಾಡಿ, ಒಳಗೂ ಹೊರಗೂ ಟೇಪು ಅಂಟಿಸಿ, ಹಿಂದೆ ಮರದ ತುಂಡು ಕೊಟ್ಟು, ಡ್ರಿಲ್ಲಿಗೆ ಮೊದಲು ಸಣ್ಣ ಮೊನೆ, ಆಮೇಲೆ ದೊಡ್ಡದು ಹಾಕಿ ಕೊರೆದರು. ಆ ಕಿರ್ರೆನ್ನುವ ಸದ್ದಿಗೆ ನಾನು ಕಣ್ಣು ಮುಚ್ಚಿಕೊಂಡಿದ್ದೆ. "ಕಣ್ಣ ತಗೀರಿ, ಏನೂ ಆಗಿಲ್ಲ" ಎಂದ ಮೇಲೆ ನೋಡಿದರೆ, ಎಲ್ಲೂ ಒಂದು ಗೀರಿಲ್ಲದ ದುಂಡನೆಯ ತೂತು. ಅಂಚು ಅರದಿಂದ ಉಜ್ಜಿ, ಬೆಂಕಿ ತಡೆಯುವ ಬಣ್ಣ ಬಳಿದು, ತೂತಿನ ಸುತ್ತ ಸ್ಟೀಲಿನ ಬಿಲ್ಲೆ ಕೂರಿಸಿಕೊಟ್ಟರು. ವಾಪಸು ಬರುವಾಗ ಲೋಕಲ್ಲಿನಲ್ಲಿ ನಾನು ಹತ್ತು ದಿನದಲ್ಲಿ ಮೊದಲ ಬಾರಿ ತೂಕಡಿಸಿದೆ.

ಭಾನುವಾರ ಸುಜಾತಾ ಗೆಳತಿಯ ಮಗುವಿನ ನಾಮಕರಣಕ್ಕೆಂದು ಕಲ್ಯಾಣ್‌ಗೆ ಹೋಗಿದ್ದಳು. ಹೋಗುವ ಮೊದಲು ಇಡೀ ಕೋಳಿಗೆ ಮಸಾಲೆ ಸವರಿ ಇಟ್ಟಿದ್ದಳು. ಹಿತ್ತಿಲಲ್ಲಿ ಕುರ್ಚಿ ಹಾಕಿ, ಹೊಗೆ ಬಾರದ ಕಡೆ ಮಾವನನ್ನು ಕೂರಿಸಿದೆ. ಕೋಳಿಯ ನಟ್ಟನಡುವೆ ಸೂಜಿ ಚುಚ್ಚಿ, ತಂತಿಯನ್ನು ಹೊಸ ತೂತಿನಿಂದ ಹೊರಗೆಳೆದು, ಮುಚ್ಚಳ ಮುಚ್ಚಿದೆ. ಅಂಕಿ ಏರತೊಡಗಿತು. ಐವತ್ತು, ಅರವತ್ತು, ಎಪ್ಪತ್ತು. ಇಪ್ಪತ್ತೈದೇ ನಿಮಿಷದಲ್ಲಿ ಎಂಬತ್ತೆರಡು! ಒಂದು ಗಂಟೆಗೂ ಮೀರಿ ಬೇಕು ಎಂದು ಓದಿದ್ದೆ. ಇರಲಿ, ಮುಚ್ಚಳ ಭದ್ರವಾಗಿ ಕೂತಿದ್ದಕ್ಕೆ ಬೇಗ ಬೆಂದಿದೆ ಎಂದುಕೊಂಡೆ. ಬೇಕಾದ ಉತ್ತರ ಸಿಕ್ಕಾಗ ಯಾರು ಪ್ರಶ್ನೆ ಕೇಳುತ್ತಾರೆ ಹೇಳಿ.

ಮುಚ್ಚಳ ತೆಗೆದೆ. ತೆಗೆದ ಕೂಡಲೇ ಎಂಬತ್ತೆರಡು ಇದ್ದದ್ದು ದಡದಡನೆ ಐವತ್ತೈದಕ್ಕೆ ಇಳಿಯಿತು. ನಾನು ನೋಡಿದೆ. ಬ್ಯಾಟರಿ ಇರಬೇಕು ಎಂದು ಸಮಾಧಾನ ಮಾಡಿಕೊಂಡು ಡಬ್ಬಿಯನ್ನು ಬೋರಲು ಹಾಕಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಎದೆಯ ಭಾಗದಿಂದ ಹೊಂಬಣ್ಣಕ್ಕೆ ತಿರುಗಿದ್ದ ಮೇಲಿನ ತುಂಡು ಕೊಯ್ದು ಕೊಟ್ಟೆ. ಮಾವ ಎರಡು ತುತ್ತು ತಿಂದು ಕಣ್ಣು ಅರಳಿಸಿದರು. "ಗೊತ್ತಾಗ್ತದೆ ಮಾರಾಯ್ರೆ! ಹೊಗೆ ಗೊತ್ತಾಗ್ತದೆ!" ಅವರ ದನಿ ಅಷ್ಟು ಗಟ್ಟಿಯಾಗಿ ಕೇಳಿ ತಿಂಗಳುಗಳಾಗಿದ್ದವು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಆ ಹುರುಪಿನಲ್ಲೇ ಕೋಳಿಯ ಕಾಲು ತಿರುವಿದೆ. ಒಳಗೆ ಗುಲಾಬಿ ಬಣ್ಣದ ಹಸಿ ಮಾಂಸ, ಕೀಲಿನಲ್ಲಿ ರಕ್ತ.

ಅವರ ತಟ್ಟೆ ಕಿತ್ತುಕೊಂಡೆ. ಮಾವ ಮಾತ್ರ ಬಾಯಿ ಮುಕ್ಕಳಿಸಿ ಉಗಿದು, ಎದ್ದು ಬಂದು ಬಗ್ಗಿ ನೋಡಿದರು, ಬಾಯ್ಲರ್ ನೋಡುವವರ ಹಾಗೆ.

"ಮುಚ್ಚಳ ತೆಗೆದ ಕೂಡ್ಲೇ ಆ ನಂಬ್ರ ಇಳೀಲಿಲ್ವಾ?"

"ಇಳೀತು, ಮಾವ."

"ಮಾಂಸ ಅಷ್ಟು ಬೇಗ ತಣಿಯುದಿಲ್ಲ. ತಣಿಯುದು ಗಾಳಿ. ಕೋಳಿಯ ಹೊಟ್ಟೆ ಟೊಳ್ಳಲ್ವಾ, ನಿಮ್ಮ ಸೂಜಿ ಮಾಂಸ ದಾಟಿ ಹೊಟ್ಟೆಯೊಳಗೆ ಹೋಗಿ ಕೂತಿದೆ."

ಟೊಳ್ಳು! ಕೋಳಿಯೊಳಗೆ ಕಲ್ಲಂಗಡಿಯ ಹಾಗೆ ನಡುವಿನವರೆಗೂ ತಿರುಳು ಇರುತ್ತದೆ ಎಂದು ನಾನು ತಿಳಿದಿದ್ದೆ. ಯಾರನ್ನೂ ಕೇಳಿರಲಿಲ್ಲ. ಇಷ್ಟೆಲ್ಲ ಪಾಡುಪಟ್ಟು ತೂತು ಕೊರೆಸಿ ನಾನು ಅಳೆದದ್ದು ಮತ್ತೆ ಗಾಳಿಯನ್ನೇ. ಮಾವ ಸೂಜಿ ಕಿತ್ತು, ತೊಡೆಯ ದಪ್ಪ ಭಾಗಕ್ಕೆ ಓರೆಯಾಗಿ ಚುಚ್ಚಿಸಿದರು. ಅಂಕಿ ನಲವತ್ತೊಂಬತ್ತು ತೋರಿಸಿತು. ಇನ್ನೂ ಮುಕ್ಕಾಲು ಗಂಟೆ ಬೇಯಿಸಿದ ಮೇಲೆ ಹೊಸ ತಟ್ಟೆಯಲ್ಲಿ ಕೊಟ್ಟೆ. ಅವರು ಹೊಟ್ಟೆ ತುಂಬ ತಿಂದರು. ನಾನು ಮಾತ್ರ ಮೊದಲಿನ ಆ ಎರಡು ತುತ್ತನ್ನೇ ಎಣಿಸುತ್ತಿದ್ದೆ.

"ಮಾವ, ಸುಜಾತಾಗೆ ಹೇಳಬೇಡಿ" ಎಂದೆ. ಅವರು ನನ್ನ ಮುಖ ನೋಡಿ, ಕೈ ತೊಳೆಯಲು ಎದ್ದರು. ಒಪ್ಪಿಕೊಂಡರು ಎಂದು ತಿಳಿದೆ. ಸಂಜೆ ಅವಳು ಬಂದ ಮೇಲೆ ಅಪ್ಪ ಮಗಳು ತುಳುವಿನಲ್ಲಿ ಬಹಳ ಹೊತ್ತು ಮಾತಾಡಿದರು. ನಡುವೆ ಕೋರಿ, ಕೋರಿ ಎಂಬುದೊಂದೇ ನನಗೆ ತಿಳಿದದ್ದು, ಕೋಳಿಗೆ ಅವರು ಹಾಗೆನ್ನುತ್ತಾರೆ. ರುಚಿಯ ವಿಷಯ ಹೇಳುತ್ತಿದ್ದಾರೆ ಎಂದುಕೊಂಡು, ನಗುವ ಜಾಗ ಹುಡುಕಿದೆ. ಸಿಗಲಿಲ್ಲ.

ಆಮೇಲಿನ ಎರಡು ದಿನ ನಾನು ಮನೆಯಿಂದಲೇ ಆಫೀಸಿನ ಕೆಲಸ ಮಾಡಿದೆ. ನಿಜಕ್ಕೂ ಮಾಡಿದ್ದು ಮಾವನ ಜ್ವರ ನೋಡುವ ಕೆಲಸ. ಎರಡು ಗಂಟೆಗೊಮ್ಮೆ ಥರ್ಮಾಮೀಟರ್ ಹಿಡಿದು ಮುಂದೆ ನಿಲ್ಲುತ್ತಿದ್ದೆ. ಅವರು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ತೊಂಬತ್ತೇಳು. ತೊಂಬತ್ತೆಂಟು. ಮಂಗಳವಾರ ಮಧ್ಯಾಹ್ನ ತೊಂಬತ್ತೊಂಬತ್ತೂವರೆ. ನೂರರ ಮೇಲೆ ಹೋಗುವವರೆಗೂ ಕಾಯೋಣವೇ ಎಂಬ ಯೋಚನೆ ಒಂದು ಸಲ ಬಂದು ಹೋಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅಡುಗೆಮನೆಗೆ ಹೋಗಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅಂಕಿ ಇಳಿದದ್ದು ನೋಡಿಯೂ ಕೊಟ್ಟೆ ಎಂಬುದನ್ನೂ ಹೇಳಿದೆ.

ಸುಜಾತಾ ಗ್ಯಾಸ್ ಆರಿಸಿದಳು.

"ಪಪ್ಪ ಅವತ್ತೇ ಹೇಳಿದ್ರು. ಡಾಕ್ಟರಿಗೆ ಅವತ್ತೇ ಫೋನ್ ಮಾಡಿದೆ, ಟೆಂಪರೇಚರ್ ನೋಡ್ತಾ ಇರಿ ಅಂದ್ರು. ನೀನು ನೋಡ್ತಾನೇ ಇದ್ದೆ." ಅವಳು ನನ್ನತ್ತ ತಿರುಗಿದಳು. "ಎರಡು ದಿನದಿಂದ ಕಾಯ್ತಾ ಇದೀನಿ, ನೀನು ಯಾವಾಗ ಬಂದು ಹೇಳ್ತೀಯ ಅಂತ. ತಪ್ಪು ಯಾರಿಂದಾನೂ ಆಗತ್ತೆ, ಯಾರ್. ಪಪ್ಪನ್ನ ನಿನ್ನ ಹತ್ರ ಬಿಟ್ಟು ನಾನು ಇನ್ಮೇಲೆ ಹೊರಗೆ ಹೋಗ್ಬಹುದಾ ಇಲ್ವಾ, ಅಷ್ಟು ಹೇಳು."

ನಾನು ಥರ್ಮಾಮೀಟರನ್ನು ತೊಳೆದು ಅವಳ ಕೈಗೆ ಕೊಟ್ಟೆ. ಸಂಜೆಯ ಹೊತ್ತಿಗೆ ಜ್ವರ ತೊಂಬತ್ತೆಂಟಕ್ಕೆ ಇಳಿಯಿತು, ಮತ್ತೆ ಏರಲಿಲ್ಲ. ಮಾವ ಬದುಕಿಕೊಂಡರು, ತೂಕವೂ ಹೆಚ್ಚಿತು. ಸುಜಾತಾ ಮಾತ್ರ ಮುಂದಿನ ಆರು ತಿಂಗಳು ಎಲ್ಲಿಗೂ ಹೋಗಲಿಲ್ಲ. ನನ್ನ ಮೇಲೆ ರೇಗಲಿಲ್ಲ, ಜಗಳವಾಡಲಿಲ್ಲ, ಹೋಗಲಿಲ್ಲ ಅಷ್ಟೇ. ಜ್ವರಕ್ಕಾದರೆ ಅಂಕಿಯಿತ್ತು. ಇದಕ್ಕೆ ಇರಲಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಮೊಬೈಲು ಮಿನುಗಿತು. ಮಾವನಿಗೆ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಆಗುತ್ತದೆ, ಅದರ ರಿಪೋರ್ಟು ಬಂದಿದೆ. ಲ್ಯಾಬಿನಲ್ಲಿ ಬರೆಸಿರುವುದು ನನ್ನ ನಂಬರು. ಹಿಂದಿನ ನಾನಾಗಿದ್ದರೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಒಬ್ಬನೇ ತೆರೆದು, ಒಂದೊಂದು ಸಾಲನ್ನೂ ಹುಡುಕಿ ಓದಿ, ಮುಖ ಸರಿಮಾಡಿಕೊಂಡು ಹೊರಗೆ ಬರುತ್ತಿದ್ದೆ. ಸುಜಾತಾ ಒಳಗಿನ ಕೋಣೆಯಲ್ಲಿ ಸೀರೆಗೆ ಪಿನ್ನು ಹಾಕಿಕೊಳ್ಳುತ್ತಿದ್ದಾಳೆ. ಇವತ್ತು ನೆರೂಲಿನಲ್ಲಿ ಅವಳ ಗೆಳತಿಯ ಗೃಹಪ್ರವೇಶ, ಸಂಜೆಯವರೆಗೆ ಮಾವ ಮತ್ತು ನಾನು ಇಬ್ಬರೇ.

"ಸುಜಾ, ರಿಪೋರ್ಟ್ ಬಂತು" ಎಂದು ಕೂಗಿದೆ. "ನಾನಿನ್ನೂ ತೆರೆದಿಲ್ಲ. ಭಯ ಆಗ್ತಿದೆ, ಬಾ."

ಅವಳು ಬಂದು ಪಕ್ಕದಲ್ಲಿ ಕೂತಳು. ಇಬ್ಬರೂ ಸೇರಿ ತೆರೆದೆವು.